ಥಾಂಪ್ಸನ್ ಸೂಚಿ ಹಿಡಿದು ಅಜ್ಜಿಕತೆ ಓದಿದ್ದು

ಊರೂರು ತಿರುಗಿ ಅಜ್ಜಿಕತೆಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಯಾವ ಕತೆ ಯಾವುದಕ್ಕೆ ನೆಂಟ ಅಂತ ತಿಳಿಯಲು ನಾನು ಹಿಡಿದದ್ದು ಜಾನಪದ ವಿದ್ವಾಂಸ ಸ್ಟಿತ್ ಥಾಂಪ್ಸನ್ ತೋರಿಸಿದ ದಾರಿ.

ಥಾಂಪ್ಸನ್ ಹುಟ್ಟಿದ್ದು 1885ರಲ್ಲಿ, ಅಮೆರಿಕದ ಕೆಂಟಕಿಯಲ್ಲಿ. ಪಾಠ ಮಾಡಿದ್ದು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ. ಫಿನ್‌ಲೆಂಡಿನ ಆಂಟಿ ಆರ್ನೆ 1910ರಲ್ಲೇ ಒಂದೇ ಬಗೆಯ ಕತೆಗಳನ್ನು ಒಂದೊಂದು ವರ್ಗ ಮಾಡಿ, ವರ್ಗಕ್ಕೊಂದು ನಂಬರು ಕೊಟ್ಟು ಒಂದು ಪಟ್ಟಿ ಮಾಡಿದ್ದರು. ಥಾಂಪ್ಸನ್ 1928ರಲ್ಲಿ ಅದನ್ನು ಇಂಗ್ಲಿಷಿಗೆ ತಂದು ಬೆಳೆಸಿದರು, 1961ರಲ್ಲಿ ಇನ್ನೂ ಹಿಗ್ಗಿಸಿದರು. ಆದರೂ ಅದು ಹೆಚ್ಚಾಗಿ ಯುರೋಪಿನ ಕತೆಗಳ ಅಳತೆಗೇ ಹೊಲಿದ ಅಂಗಿ. ಬೇರೆ ಕಡೆಯ ಕತೆ ಪೂರ್ತಿ ಹೊಂದದಿದ್ದರೂ ಅದರ ಒಂದೊಂದು ತುಣುಕು ಹೊಂದಬಹುದು, ಅಲ್ವಾ? ಆ ತುಣುಕುಗಳನ್ನು ನಾವು ಆಶಯ ಅನ್ನುತ್ತೇವೆ. ಅವಕ್ಕೇ ಥಾಂಪ್ಸನ್ ಆರು ಸಂಪುಟಗಳ ಇನ್ನೊಂದು ಸೂಚಿ ಕಟ್ಟಿದರು. ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಅದೇ.

ಮೊದಲು ಕತೆ ಪೂರ್ತಿ ಕೇಳಿ, ನಡೆದದ್ದನ್ನಷ್ಟೇ ಚಿಕ್ಕದಾಗಿ ಬರೆಯುತ್ತೇನೆ. ಆಮೇಲೆ ಆಶಯ ಬಿಡಿಸುತ್ತೇನೆ. ವರ್ಗದ ನಂಬರು ಕೊನೆಗೆ.

ಹಂಚಿ ಅನ್ನುವ ಹುಡುಗಿಯ ಕತೆಯನ್ನೇ ನೋಡಿ. ತಂಗಿಯ ಹೊನ್ನಿನ ಕೂದಲು ಕಂಡು ಅಣ್ಣನೇ ಆಸೆಪಡುತ್ತಾನೆ. ಇದು ಆಶಯಗಳ ಸೂಚಿಯಲ್ಲಿ ಟಿ 415. ತಾಯಿ ಮಗಳಿಗೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಕಳಿಸುತ್ತಾಳೆ. ವೇಷ ಮರೆಸುವುದೆಲ್ಲ ಕೆ 1800ರ ಆಸುಪಾಸು. ಸಾಹುಕಾರರ ಮನೆಯಲ್ಲಿ ಕೆಲಸಕ್ಕೆ ನಿಂತವಳನ್ನು ಆ ಮನೆಯ ಮಗ ಮದುವೆಯಾಗುತ್ತಾನೆ. ಇಲ್ಲಿಯವರೆಗಿನ ಕತೆ ವರ್ಗಗಳ ಪಟ್ಟಿಯಲ್ಲಿ 510ಬಿ, ಅಂದರೆ ಸಿಂಡ್ರೆಲಾಳ ಹತ್ತಿರದ ಸಂಬಂಧಿ. ಯುರೋಪಿನ ಕತೆಯಲ್ಲಿ ಕಣ್ಣು ಹಾಕುವವನು ಅಪ್ಪ, ನಮ್ಮಲ್ಲಿ ಅಣ್ಣ. ಅಲ್ಲಿ ಸಾಮಾನ್ಯವಾಗಿ ಮದುವೆಗೆ ಕತೆ ಮುಗಿಯುತ್ತದೆ. ನಮ್ಮಲ್ಲಿ ಮುಗಿಯುವುದಿಲ್ಲ. ಒಬ್ಬ ಕಳ್ಳಗುರು ಬಂದು ಅವಳನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಡಿಸುತ್ತಾನೆ. ಆದರೆ ನಡುವೆ ಅವಳನ್ನು ಬಿಡಿಸಿ ಬೇರೆಯದನ್ನು ಒಳಗೆ ಕೂಡಿರುತ್ತಾರೆ; ಗುರು ಪೆಟ್ಟಿಗೆ ತೆರೆದಾಗ ಹಾರಿ ಬರುವುದು ಹುಚ್ಚು ನಾಯಿ! ಈ ಭಾಗ ಅದೇ ಪಟ್ಟಿಯಲ್ಲಿ 896. ಕಥಾಸರಿತ್ಸಾಗರದಲ್ಲಿ ಇದೇ ಪೆಟ್ಟಿಗೆಯಿಂದ ಕೋತಿ ಬರುತ್ತದೆ. ಹಂಚಿಯಲ್ಲಿ ಎರಡು ವರ್ಗ ಕೂಡಿದ್ದನ್ನು ಎ.ಕೆ. ರಾಮಾನುಜನ್ ಆಗಲೇ ಗುರುತಿಸಿದ್ದರು.

ನಂಬರು ಹಾಕಿದರೆ ಕತೆ ಸಾಯುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 510ಬಿ ಅಂತ ಗೊತ್ತಾಗದಿದ್ದರೆ ಅಪ್ಪನ ಜಾಗಕ್ಕೆ ಅಣ್ಣ ಬಂದದ್ದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಮದುವೆಯಾದ ಮೇಲೂ ಹೆಣ್ಣಿಗೆ ಕಷ್ಟ ತಪ್ಪದು ಅಂತ ಕತೆ ಹೇಳುವವಳು ಅದನ್ನು ಏಕೆ ಮುಂದುವರಿಸಿದಳು ಅನ್ನುವ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ.

ಭಾರತದ ಕತೆಗಳಿಗೆಂದೇ ಥಾಂಪ್ಸನ್ ಮತ್ತು ವಾರೆನ್ ರಾಬರ್ಟ್ಸ್ 1960ರಲ್ಲಿ ಬೇರೆ ಪಟ್ಟಿ ತಂದರು. 2004ರಲ್ಲಿ ಹಾನ್ಸ್-ಯೋರ್ಗ್ ಊಟರ್ ಹಳೆಯ ಅಂತರರಾಷ್ಟ್ರೀಯ ಪಟ್ಟಿಯನ್ನು ತಿದ್ದಿ ಮೂರು ಸಂಪುಟ ಮಾಡಿದರು. ಎರಡನ್ನೂ ನೋಡುತ್ತೇನೆ. ಎಲ್ಲೂ ಕೂಡದ ಕತೆಗೆ ಸುಮ್ನೆ ಒಂದು ನಂಬರು ಹಚ್ಚುವುದಿಲ್ಲ. ಆಶಯಗಳನ್ನು ಬರೆದು, ಹೇಳಿದವರು ಯಾರಿಂದ ಕಲಿತರು, ಯಾರ ಮುಂದೆ ಹೇಳುತ್ತಿದ್ದರು ಅನ್ನುವುದನ್ನು ಜೊತೆಗಿಟ್ಟು, ವರ್ಗದ ಜಾಗ ಖಾಲಿ ಬಿಡುತ್ತೇನೆ.