ಮ್ಯಾಜಿಕ್ ಆಟದ ಕಾಳಗ: ಯಾವ ಕಾರ್ಡನ್ನು ಯಾವಾಗ ಇಳಿಸಬೇಕು?

ಚಿಕ್ಕಮಗಳೂರಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ, ಭಾನುವಾರ ನಮ್ಮ ಮನೆಯ ಜಗಲಿಗೆ ಐದಾರು ಹುಡುಗರು ‘ಮ್ಯಾಜಿಕ್: ದ ಗ್ಯಾದರಿಂಗ್’ ಆಡಲು ಬರುತ್ತಾರೆ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ, 1993ರಲ್ಲಿ ಹೊರಬಂದ ಕಾರ್ಡಿನ ಆಟವಿದು. ಕಾರ್ಡುಗಳ ಮೇಲಿನ ಬರಹ ಇವರಿಗೆ ಬಾಯಿಪಾಠ. ಆದರೂ ಗೆಲ್ಲಬೇಕಾದ ಆಟವನ್ನು ಕಾಳಗದಲ್ಲಿ ಕೈಚೆಲ್ಲುತ್ತಾರೆ, ಏಕೆಂದರೆ ಸರಿಯಾದ ಕಾರ್ಡನ್ನು ಒಂದು ಗಳಿಗೆ ಮೊದಲೇ ಇಳಿಸಿಬಿಡುತ್ತಾರೆ.

ಮೊದಲು ಸಿದ್ಧತೆ. ಕನಿಷ್ಠ 60 ಕಾರ್ಡುಗಳ ಕಟ್ಟು, ಕೈಗೆ 7 ಕಾರ್ಡು, ತಲಾ 20 ಪ್ರಾಣ. ಪ್ರಾಣದ ಲೆಕ್ಕವನ್ನು ಕಾಗದದಲ್ಲಿಯೇ ಬರೆಯಿರಿ. ದಾಳ ಇಟ್ಟರೆ ಯಾರದೋ ಮೊಣಕೈ ತಗುಲಿ ಜಗಳವಾಗುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಹೊಳಪಿನ ಫಾಯಿಲ್ ಕಾರ್ಡುಗಳು ಹಪ್ಪಳದಂತೆ ಮುರುಟುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೀರಾ ಅಗ್ಗದ ತೆಳು ಪ್ಲಾಸ್ಟಿಕ್ ಕವರುಗಳನ್ನು ಕೊಳ್ಳಬೇಡಿ, ನಾಲ್ಕು ಸಲ ಕಲೆಸುವಷ್ಟರಲ್ಲಿ ಅಂಚು ಬಿಟ್ಟುಕೊಳ್ಳುತ್ತವೆ.

ಎರಡನೆಯದು, ಕಾಳಗಕ್ಕೆ ಮುಂಚೆ ಹೊಸ ಜೀವಿಯನ್ನು, ಅಂದರೆ ನಿಮಗಾಗಿ ಕಾದಾಡುವ ಕಾರ್ಡನ್ನು, ಇಳಿಸಬೇಡಿ. ಇಳಿಸಿದ ಸರದಿಯಲ್ಲಿ ಅದು ಸಾಮಾನ್ಯವಾಗಿ ದಾಳಿಗೆ ಹೋಗಲಾರದು. ಮಾನಾ, ಅಂದರೆ ಕಾರ್ಡು ಇಳಿಸಲು ಬೇಕಾದ ಶಕ್ತಿ, ಖರ್ಚಾಗದೆ ಉಳಿದಿದ್ದರೆ ಎದುರಾಳಿಗೆ ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಎಂಬ ಅಳುಕು ಇರುತ್ತದೆ.

ಮೂರನೆಯದು, “ಕಾಳಗ ಶುರು” ಎಂದು ಬಾಯಿಬಿಟ್ಟು ಹೇಳಿ, ಒಂದು ಉಸಿರು ಕಾಯಿರಿ. ಟ್ಯಾಪ್ ಮಾಡುವುದಕ್ಕೆ, ಅಂದರೆ ಕಾರ್ಡನ್ನು ಅಡ್ಡ ತಿರುಗಿಸುವುದಕ್ಕೆ, ನಮ್ಮ ಜಗಲಿಯಲ್ಲಿ ‘ಮಲಗಿಸುವುದು’ ಎನ್ನುತ್ತೇವೆ. ಎದುರಾಳಿ ನಿಮ್ಮ ಜೀವಿಯನ್ನು ಮಲಗಿಸಿ ದಾಳಿ ತಪ್ಪಿಸಬೇಕೆಂದಿದ್ದರೆ ಇದೇ ಅವನ ಕೊನೆಯ ಅವಕಾಶ. ದಾಳಿ ಸಾರಿದ ಮೇಲೆ ಮಲಗಿಸಿದರೆ ದಾಳಿ ನಿಲ್ಲುವುದಿಲ್ಲ.

ನಾಲ್ಕನೆಯದು ದಾಳಿ. ಹೋಗುವ ಜೀವಿಗಳನ್ನೆಲ್ಲ ಒಟ್ಟಿಗೆ ಮಲಗಿಸಿ ಮುಂದೆ ಸರಿಸಿ. “ನನ್ನ ಕರಡಿ ನಿನ್ನ ದೈತ್ಯನ ಮೇಲೆ” ಎನ್ನುವಂತಿಲ್ಲ. ದಾಳಿ ಎದುರಾಳಿಯ ಮೇಲೆ. ಯಾರನ್ನು ಯಾರು ತಡೆಯಬೇಕೆಂಬುದು ಅವನ ಹಕ್ಕು. ಮಲಗಿದ ಜೀವಿ ತಡೆಯಲಾರದು, ಆದ್ದರಿಂದ ಅವನ ಮುಂದಿನ ಸರದಿಗೆ ನಿಮ್ಮ ಕಾವಲಿಗೆ ಯಾರು ಉಳಿದಿದ್ದಾರೆ ಎಂದು ಎಣಿಸಿಯೇ ಹೊರಡಿ.

ಐದನೆಯದು ತಡೆ. ನಾನು ಈ ಲೇಖನ ಬರೆಯುತ್ತಿರುವುದೇ ಇದಕ್ಕಾಗಿ. ಕಳೆದ ಭಾನುವಾರ ನನ್ನ ತಂಗಿಯ ಮಗ 2/2 ಬಲದ (ಮೊದಲ ಅಂಕೆ ಅದು ಕೊಡುವ ಏಟು, ಎರಡನೆಯದು ಅದನ್ನು ಕೊಲ್ಲಲು ಬೇಕಾದ ಏಟು) ‘ಗ್ರಿಜ್ಲಿ ಬೇರ್ಸ್’ ಕರಡಿಯನ್ನು ದಾಳಿಗೆ ಕಳಿಸಿದ. ಎದುರಿಗೆ 3/3 ಬಲದ ‘ಹಿಲ್ ಜೈಂಟ್’ ಎಂಬ ದೈತ್ಯ. ಹುಡುಗ ತಡೆಗೆ ಕಾಯದೆ, ಜೀವಿಯ ಬಲ ಹೆಚ್ಚಿಸುವ ‘ಜೈಂಟ್ ಗ್ರೋತ್’ ಹಾಕಿದ. ಕರಡಿ 5/5 ಆಯಿತು. ಎದುರಾಳಿ ದೈತ್ಯನನ್ನು ಕದಲಿಸಲಿಲ್ಲ, 5 ಪ್ರಾಣ ಬಿಟ್ಟುಕೊಟ್ಟು ಸುಮ್ಮನಾದ. “ದೊಡ್ಡಮ್ಮಾ, ಅವನು ತಡೆಯಲೇ ಇಲ್ಲವಲ್ಲ!” ಎಂದು ಹುಡುಗ ಮುಖ ಸಪ್ಪೆ ಮಾಡಿಕೊಂಡ. ಆ ಕಾರ್ಡನ್ನು ತಡೆ ಸಾರಿದ ಮೇಲೆ ಹಾಕಿದ್ದರೆ ದೈತ್ಯ ಸಾಯುತ್ತಿದ್ದ, ಕರಡಿ ಉಳಿಯುತ್ತಿತ್ತು.

ತಡೆ ಸಾರಿದ ಮೇಲೆ, ಏಟು ಬೀಳುವ ಮೊದಲು, ಇಬ್ಬರಿಗೂ ಇನ್‌ಸ್ಟಂಟ್ ಕಾರ್ಡು (ಎದುರಾಳಿಯ ಸರದಿಯಲ್ಲೂ ಹಾಕಬಹುದಾದ ಮಂತ್ರ) ಹಾಕಲು ಅವಕಾಶವಿದೆ. ಮೊದಲ ಮಾತು ಸರದಿಯವನದು. ಇಸ್ಪೀಟಿನಲ್ಲಿ ಎಲೆ ಇಳಿಸಿದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಇಳಿಸಿದ ಕಾರ್ಡು ಸ್ಟ್ಯಾಕ್‌ನಲ್ಲಿ ಕಾಯುತ್ತದೆ, ಅದರ ಮೇಲೆ ಇನ್ನೊಬ್ಬ ಹಾಕಬಹುದು, ಮೇಲಿನದು ಮೊದಲು ಫಲಿಸುತ್ತದೆ. ನೀವು ‘ಜೈಂಟ್ ಗ್ರೋತ್’ ಹಾಕಿದಿರಿ. ಅದಕ್ಕೆ ಉತ್ತರವಾಗಿ ಅವನು 3 ಏಟಿನ ‘ಲೈಟ್ನಿಂಗ್ ಬೋಲ್ಟ್’ ಹಾಕಿದರೆ ಕರಡಿ ಬೆಳೆಯುವ ಮೊದಲೇ ಸಾಯುತ್ತದೆ, ನಿಮ್ಮ ಕಾರ್ಡೂ ವ್ಯರ್ಥ. ಅವನು ಮೊದಲು ಬೋಲ್ಟ್ ಹಾಕಿ ನೀವು ಉತ್ತರಿಸಿದರೆ ಕರಡಿ 5/5 ಆಗಿ ಆ ಏಟನ್ನು ತಾಳಿಕೊಳ್ಳುತ್ತದೆ. ಹಾಗಾಗಿ ಕೈ ಮುಂದೆ ಮಾಡುವ ಮೊದಲು ಬೋಲ್ಟ್‌ಗೆ ಮಾನಾ ಕೊಡುವ ಅವನ ಬೆಟ್ಟದ (ಮೌಂಟನ್) ಕಾರ್ಡುಗಳನ್ನು ನೋಡಿ. ಒಂದು ಮೌಂಟನ್ ಮಲಗದೆ ನೆಟ್ಟಗೆ ನಿಂತಿದ್ದರೂ ಬೋಲ್ಟ್ ಇದೆಯೆಂದೇ ತಿಳಿದು ಆಡಿ.

ಇನ್ನೊಂದು ತಪ್ಪು, ತಡೆದ ಜೀವಿಯನ್ನು ಕೊಂದು “ದಾರಿ ತೆರವಾಯಿತು” ಎನ್ನುವುದು. ತೆರವಾಗುವುದಿಲ್ಲ. ಒಮ್ಮೆ ತಡೆದದ್ದು ತಡೆದದ್ದೇ. ಮಿಕ್ಕ ಏಟನ್ನು ಎದುರಾಳಿಗೆ ದಾಟಿಸುವ ಟ್ರ್ಯಾಂಪಲ್ ಗುಣ ಇಲ್ಲದಿದ್ದರೆ ಎದುರಾಳಿಗೆ ಒಂದು ಏಟೂ ತಾಗದು. ದಾರಿ ಬೇಕಿದ್ದರೆ ತಡೆ ಸಾರುವ ಮೊದಲೇ ಕೊಲ್ಲಿ. ತಡೆದ ಮೇಲೆ ಅದನ್ನು ಮಲಗಿಸಿದರೂ ಪ್ರಯೋಜನವಿಲ್ಲ, ಮಲಗಿದಲ್ಲಿಂದಲೇ ಅದು ಹೊಡೆಯುತ್ತದೆ.

ಆರನೆಯದು ಏಟು. ಫಸ್ಟ್ ಸ್ಟ್ರೈಕ್ ಇದ್ದವರು ಮೊದಲು, ಉಳಿದವರು ಏಕಕಾಲಕ್ಕೆ. ಹಳೆಯ ಮಾರ್ಗದರ್ಶಿಗಳಲ್ಲಿ ಏಟನ್ನೂ ಸ್ಟ್ಯಾಕ್‌ನಲ್ಲಿ ಇಡಲು ಹೇಳಿರುತ್ತದೆ. ಆ ನಿಯಮ 2009ರಲ್ಲಿಯೇ ಹೋಯಿತು, ನಂಬಬೇಡಿ.

ಏಟುಗಳು ಸರದಿ ಮುಗಿಯುವವರೆಗೆ ಕೂಡುತ್ತಾ ಹೋಗುತ್ತವೆ. ನಾನು ಪ್ರತಿ ಏಟಿಗೂ ಕಾರ್ಡಿನ ಮೇಲೆ ಒಂದು ಒಣಗಿದ ಕಾಫಿ ಬೀಜ ಇಡಿಸುತ್ತೇನೆ. ಬೋಲ್ಟ್‌ನಿಂದ ಬದುಕಿದ ಆ 5/5 ಕರಡಿಯ ಮೇಲೆ ಆಗಲೇ 3 ಬೀಜಗಳಿವೆ. ತಡೆದು ನಿಂತ ದೈತ್ಯನ 3 ಏಟು ಸೇರಿದರೆ 6, ಕರಡಿ ಸತ್ತಿತು. ಅದರ 5 ಏಟಿಗೆ ದೈತ್ಯನೂ ಸತ್ತ. ಬೀಜ ಇಡದೆ ಬಾಯಿಲೆಕ್ಕದಲ್ಲಿ ಆಡುವವರು ಇಂಥ ಕರಡಿಯನ್ನು ಬದುಕಿಸಿಕೊಂಡು ಆಟ ಮುಂದುವರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಕಾಳಗ ಮುಗಿದ ಮೇಲೆ, ಕೈಯಲ್ಲಿ ಉಳಿಸಿಕೊಂಡಿದ್ದ ಹೊಸ ಜೀವಿಯನ್ನು ಈಗ ಇಳಿಸಿ. ಸರದಿ ಮುಗಿಯಿತೆಂದು ಹೇಳಿ ಬೀಜಗಳನ್ನು ಬಟ್ಟಲಿಗೆ ಸುರಿಯಿರಿ.