ಮಾರಾಟ ಅಲ್ಲ, ಹಂಪು: ನನ್ನ ಮೊದಲ ದೋಜಿನ್‌ಶಿ

ದೋಜಿನ್‌ಶಿ ಅಂದ್ರೆ ಆಸಕ್ತರು ತಾವೇ ಬರೆದು ಅಚ್ಚು ಹಾಕಿಸುವ ಪುಸ್ತಕ. ಟೋಕಿಯೊದಲ್ಲಿ ಅಂಥ ಪುಸ್ತಕಗಳ ಮೇಳದಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು. ಪಕ್ಕದ ಮೇಜಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದರು. ಹಳ್ಳಿಗಳ ಪುಟ್ಟ ರೈಲು ನಿಲ್ದಾಣಗಳ ಬಗ್ಗೆ ತಾವೇ ಕಾಮಿಕ್ಸ್ ಬರೆದು ಅಚ್ಚು ಹಾಕಿಸಿಕೊಂಡು ಬಂದಿದ್ದರು. ‘ಇವತ್ತು ಮೊದಲ ಸಲ ಪುಸ್ತಕ ಮಾರುತ್ತಿದ್ದೇನೆ’ ಅಂತ ನನಗೆ ಬರುವ ಜಪಾನಿಯಲ್ಲಿ ಹೇಳಿದೆ. ಮಾರಾಟಕ್ಕೆ ಜಪಾನಿಯಲ್ಲಿ ‘ಹಂಬೈ’ ಅನ್ನುತ್ತಾರೆ, ನಾನೂ ಅದನ್ನೇ ಬಳಸಿದ್ದೆ. ಅವರು ಮೆಲ್ಲಗೆ, ‘ಇಲ್ಲಿ ನಾವು ಹಂಪು ಅನ್ನುತ್ತೇವೆ’ ಅಂದರು.

ಹಂಪು ಅಂದ್ರೆ ಹಂಚುವುದು. ನಮ್ಮ ‘ಹಂಚು’ವಿಗೆ ಕಿವಿಯಲ್ಲಿ ಎಷ್ಟು ಹತ್ತಿರ, ಅಲ್ವಾ? ದುಡ್ಡು ಕೈ ಬದಲಾಗುತ್ತದೆ, ನಿಜ. ನನ್ನ ಪುಸ್ತಕಕ್ಕೆ 500 ಯೆನ್ ಇಟ್ಟಿದ್ದೆ. ಆದರೆ ನಮ್ಮ ಖುಷಿಗೆ ಮಾಡಿದ್ದನ್ನು ಅದೇ ಖುಷಿ ಇರುವವರ ಜೊತೆ ಹಂಚಿಕೊಳ್ಳುತ್ತೇವೆ, ಅಚ್ಚಿನ ಖರ್ಚು ಹುಟ್ಟಿದರೆ ಸಾಕು ಅನ್ನುವ ಮನಸ್ಸು ಆ ಪದದೊಳಗೆ ಇದೆ. ಈ ಲೋಕದ ಪದಗಳ ಪಟ್ಟಿಯನ್ನು ನಾನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ. ಅದು ಉಪಯೋಗಕ್ಕೆ ಬರಲಿಲ್ಲ. ಪುಸ್ತಕ ಮಾಡುತ್ತಾ ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆನೋ ಅಲ್ಲಲ್ಲಿ ಒಂದೊಂದು ಪದ ನನ್ನದಾಯಿತು.

ನಾನು ಸಾಗರದ ಕಡೆಯವಳು. ಕೆಲಸಕ್ಕೆ ಬಂದು ಟೋಕಿಯೊದ ನಿಶಿ ಕಸಾಯಿಯಲ್ಲಿ ಇದ್ದೇನೆ. ಭಾರತದವರು ಜಾಸ್ತಿ ಇರುವ ಜಾಗ ಅದು. ಮೊದಲು ಒಂದು ಡಿಸೆಂಬರ್ ಕೊನೆಯಲ್ಲಿ ಸುಮ್ನೆ ನೋಡಲು ಕಾಮಿಕ್ ಮಾರ್ಕೆಟ್ ಅನ್ನುವ ದೊಡ್ಡ ದೋಜಿನ್‌ಶಿ ಮೇಳಕ್ಕೆ ಹೋಗಿದ್ದೆ. ಎಲ್ಲರೂ ‘ಕೊಮಿಕೆ’ ಅನ್ನುವುದು ಅದನ್ನೇ. 1975ರ ಡಿಸೆಂಬರ್ 21ರಂದು ಟೋಕಿಯೊದ ಒಂದು ಸಭಾಂಗಣದಲ್ಲಿ 32 ತಂಡ, ಸುಮಾರು 700 ಜನರಿಂದ ಶುರುವಾದದ್ದು. 1996ರಿಂದ ಅದು ಸಮುದ್ರದಂಚಿನ ಟೋಕಿಯೊ ಬಿಗ್ ಸೈಟ್‌ನಲ್ಲಿ ನಡೆಯುತ್ತಿದೆ. ಹಾಗೆ ನೋಡಲು, ಕೊಳ್ಳಲು ಬರುವವರಿಗೆ ‘ಇಪ್ಪನ್ ಸಂಕ’ ಅಂತ ಹೆಸರು. ಸಂಕ ಅಂದ್ರೆ ಪಾಲ್ಗೊಳ್ಳುವಿಕೆ. ಪುಸ್ತಕ ಇಟ್ಟವರು, ಕೊಳ್ಳುವವರು, ನಡೆಸುವ ಸ್ವಯಂಸೇವಕರು, ಎಲ್ಲರೂ ಇಲ್ಲಿ ‘ಸಂಕಶಾ’ಗಳೇ, ಭಾಗಿಗಳೇ. ಗಿರಾಕಿ ಅನ್ನುವ ಪದಕ್ಕೆ ಜಾಗವಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಸಾಲಿನಲ್ಲಿ ನಿಂತಿದ್ದ ನಾನೂ ತಟ್ಟಿದೆ.

ಊರಿನ ಗೆಳತಿಯರಿಗೆ ದೋಜಿನ್‌ಶಿ ಅಂದ್ರೆ ‘ದೊಡ್ಡವರ’ ಕಾಮಿಕ್ಸ್ ಅಂತ ಅನಿಸಿಕೆ. ಹಾಗಲ್ಲ. ದೋಜಿನ್ ಅಂದ್ರೆ ಒಂದೇ ಆಸಕ್ತಿಯ ಜನ, ಶಿ ಅಂದ್ರೆ ಪತ್ರಿಕೆ. 1885ರಲ್ಲಿ ಒಜಾಕಿ ಕೋಯೋ ಮತ್ತು ಗೆಳೆಯರ ಕೆನ್ಯೂಶಾ ಬಳಗ ಹೊರತಂದ ‘ಗರಕುತ ಬುಂಕೊ’ ಅನ್ನುವ ಸಾಹಿತ್ಯ ಪತ್ರಿಕೆಯನ್ನು ಈ ಪರಂಪರೆಯ ಮೊದಲುಗಳಲ್ಲಿ ಎಣಿಸುತ್ತಾರೆ. ಇವತ್ತೂ ಅಡುಗೆ, ಬೆಕ್ಕು, ಹಳೇ ಕ್ಯಾಮೆರಾ, ಸೇತುವೆ, ಯಾವುದರ ಬಗ್ಗೆಯಾದರೂ ದೋಜಿನ್‌ಶಿ ಸಿಗುತ್ತದೆ. ಅಭಿಮಾನಿಗಳು ಬೇರೆಯವರ ಕಥೆಯ ಪಾತ್ರಗಳನ್ನು ತೆಗೆದುಕೊಂಡು ಬರೆಯುವುದು ‘ನಿಜಿ ಸೋಸಕು’, ಎರಡನೇ ಸೃಷ್ಟಿ. ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಸಂಗ ಹಳೆಯದು, ಮಾತು ಅರ್ಥಧಾರಿಯದು. ಆದರೆ ಇಲ್ಲಿ ಮೂಲದ ಹಕ್ಕು ಇನ್ನೊಬ್ಬರ ಕೈಯಲ್ಲಿ ಇರುತ್ತದೆ. ಅದಕ್ಕೆ ಅನೇಕ ಕಂಪನಿಗಳು ಏನು ಮಾಡಬಹುದು, ಏನು ಮಾಡಬಾರದು ಅಂತ ನಿಯಮ ಬರೆದಿಟ್ಟಿವೆ. ಅಂಥ ಪುಸ್ತಕ ಮಾಡುವವರು ಮೊದಲು ಅದನ್ನು ಓದಲೇಬೇಕು.

ನನ್ನದು ಸ್ವಂತ ಕಥೆ. ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಾಳೆ, ಮೊಮ್ಮಗಳು ಮಂಗ ಕಾಯುತ್ತಾಳೆ. ಅಷ್ಟೇ. ಸ್ವಂತ ಕಥೆಗಳಿಗೆ ಮಾತ್ರ ಅಂತಲೇ ‘ಕೊಮಿತಿಯಾ’ ಅನ್ನುವ ಮೇಳ ಇದೆ. 1984ರಲ್ಲಿ ಶುರುವಾಗಿದ್ದು, ವರ್ಷಕ್ಕೆ ಸುಮಾರು ನಾಲ್ಕು ಸಲ ನಡೆಯುತ್ತದೆ. ಅದಕ್ಕೆ ಅರ್ಜಿ ಹಾಕಿದೆ. ಅರ್ಜಿಯಲ್ಲಿ ‘ಸಾಕುರು’ ಹೆಸರು ಕೇಳುತ್ತಾರೆ. ಇಂಗ್ಲಿಷಿನ ಸರ್ಕಲ್ ಜಪಾನಿ ಬಾಯಲ್ಲಿ ಹೀಗಾಗಿದೆ. ಒಬ್ಬಳೇ ಇದ್ದರೂ ಸಾಕುರುವೇ! ನನ್ನದಕ್ಕೆ ‘ಅಂಗಳ’ ಅಂತ ಹೆಸರಿಟ್ಟೆ. ಜೊತೆಗೆ ‘ಸಾಕುರು ಕತ್ತೊ’ ಬೇಕು. ಕ್ಯಾಟಲಾಗಿನಲ್ಲಿ ಅಚ್ಚಾಗುವ ಅಂಚೆಚೀಟಿಯಂಥ ಪುಟ್ಟ ಚಿತ್ರ ಅದು. ಮಂಗನ ಮುಖ ಬರೆದು ಕಳಿಸಿದೆ.

ಆಮೇಲೆ ‘ನೇಮು’. ಪುಟಪುಟದ ಕಚ್ಚಾ ನಕ್ಷೆಗೆ ಹಾಗನ್ನುತ್ತಾರೆ. ಅಲ್ಲೇ ನನ್ನ ದೊಡ್ಡ ಕಷ್ಟ ಶುರುವಾಯಿತು. ಜಪಾನಿ ಕಾಮಿಕ್ಸ್ ‘ಮಿಗಿತೊಜಿ’, ಅಂದ್ರೆ ಪುಸ್ತಕ ಹೊಲಿದ ಬೆನ್ನು ಬಲಕ್ಕೆ. ಬಲದಿಂದ ಎಡಕ್ಕೆ ಓದಬೇಕು. ನನ್ನ ಕೈ ಮಾತ್ರ ಎಡದಿಂದಲೇ ಕಥೆ ಹೇಳುತ್ತಿತ್ತು. ಮಂಗ ಎಡದಿಂದ ಬಂದು ಬಲಕ್ಕೆ ಓಡುತ್ತಿತ್ತು. ಹಾಗೆ ಬರೆದರೆ ಜಪಾನಿ ಓದುಗರ ಕಣ್ಣಿಗೆ ಅದು ಬಂದ ದಾರಿಗೇ ವಾಪಸ್ ಹೋದಂತೆ ಕಾಣುತ್ತದೆ. ಆರು ಪುಟ ಹರಿದು ಹಾಕಿ ಮತ್ತೆ ಬರೆದೆ. ಹೊಸದಾಗಿ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಬೆನ್ನು ಯಾವ ಕಡೆ ಅಂತ ತೀರ್ಮಾನ ಮಾಡದೆ ಒಂದು ಗೆರೆಯನ್ನೂ ಎಳೆಯಬೇಡಿ.

ಪುಟದ ಲೆಕ್ಕವೂ ಬೇರೆ. ದೋಜಿನ್‌ಶಿ ಅಚ್ಚು ಹಾಕುವ ಪ್ರೆಸ್ಸಿನವರು ರಕ್ಷಾಪುಟವನ್ನೂ ನಾಲ್ಕು ಪುಟ ಅಂತ ಎಣಿಸುತ್ತಾರೆ. ನನ್ನ ಕಥೆ 24 ಪುಟ, ಆದರೆ ಅವರ ಲೆಕ್ಕದಲ್ಲಿ ಪುಸ್ತಕ 28. ಒಳಗಿನ ಮೊದಲ ಪುಟದ ಸಂಖ್ಯೆ 3. ಆ ಸಂಖ್ಯೆಗೆ ‘ನೊಂಬುರು’ ಅನ್ನುತ್ತಾರೆ, ಫ್ರೆಂಚಿನಿಂದ ಬಂದ ಪದ. ಪುಟದ ನಾಲ್ಕು ಮೂಲೆಯ ಕತ್ತರಿಸುವ ಗುರುತುಗಳಿಗೆ ‘ತೊಂಬೊ’ ಅಂತ ಹೆಸರು. ತೊಂಬೊ ಅಂದ್ರೆ ನಾವು ಚಿಕ್ಕವರಿದ್ದಾಗ ಏರೋಪ್ಲೇನ್ ಚಿಟ್ಟೆ ಅನ್ನುತ್ತಿದ್ದ ಹುಳ. ಆ ಗುರುತನ್ನು ನೋಡಿ, ರೆಕ್ಕೆ ಬಿಚ್ಚಿ ಕೂತ ಹಾಗೇ ಇರುತ್ತದೆ. ಅಂಚಿನವರೆಗೆ ಬರುವ ಚಿತ್ರವನ್ನು ಕತ್ತರಿಸುವ ಗೆರೆಯ ಆಚೆಗೂ 3 ಮಿ.ಮೀ. ಎಳೆಯಬೇಕು. ಅದು ‘ನುರಿತಶಿ’. ಬಿಟ್ಟರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ.

ಮುಗಿದ ಕಡತವನ್ನು ಪ್ರೆಸ್ಸಿಗೆ ಒಪ್ಪಿಸುವುದು ‘ನ್ಯೂಕೋ’, ಅದರ ಕೊನೆ ದಿನ ‘ಶಿಮೆಕಿರಿ’. ಬೇಗ ಕೊಟ್ಟರೆ ‘ಹಯವರಿ’, ರಿಯಾಯಿತಿ. ತಡವಾದರೆ ದರ ಏರುತ್ತದೆ. ಶಿಮೆಕಿರಿ ಹತ್ತಿರವಾದಾಗಿನ ನಿದ್ದೆಗೆಟ್ಟ ದಿನಗಳಿಗೆ ‘ಶುರಬ’ ಅನ್ನುತ್ತಾರೆ. ಈ ಪದದ ಮೂಲ ತಿಳಿದ ರಾತ್ರಿ ನಾನು ಪೆನ್ನು ಕೆಳಗಿಟ್ಟು ಕೂತುಬಿಟ್ಟೆ. ಶುರ ಅಂದ್ರೆ ಅಶುರ, ನಮ್ಮ ಅಸುರ! ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಹೋದ ಪದ. ಬ ಅಂದ್ರೆ ಜಾಗ. ಇಂದ್ರನಿಗೂ ಅಸುರರಿಗೂ ಕಾಳಗ ನಡೆದ ಜಾಗವೇ ಶುರಬ. ಜಪಾನಿನಲ್ಲಿ ಇಂದ್ರನ ಹೆಸರು ತೈಶಕುತೆನ್. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವಳಿಗೆ ಟೋಕಿಯೊದ ಪುಟ್ಟ ಕೋಣೆಯಲ್ಲಿ, ಬೆಳಗಿನ ಮೂರು ಗಂಟೆಗೆ, ದೇವಾಸುರರ ಕಾಳಗ ಎದುರಾಗಿತ್ತು. ತುಂಬಾ ಧೈರ್ಯ ಬಂತು.

ಶಿಮೆಕಿರಿಗೆ ಎರಡು ದಿನ ಮೊದಲೇ ನ್ಯೂಕೋ ಮಾಡಿದೆ. ಮಾರನೇ ದಿನ ಪ್ರೆಸ್ಸಿನಿಂದ ಪತ್ರ. ‘ಫುಬಿ’ ಇದೆ, ಅಂದ್ರೆ ಕಡತದಲ್ಲಿ ಕೊರತೆ ಇದೆ. ಪುಟದ ತುಂಬ ಚಿತ್ರ ಇದ್ದ ಎರಡು ಕಡೆ ನೊಂಬುರು ಹಾಕಿರಲಿಲ್ಲ. ಚಿತ್ರ ಕೆಡುತ್ತದೆ ಅಂತ ನಾನೇ ತೆಗೆದಿದ್ದೆ. ಆದರೆ ಸಂಖ್ಯೆ ಇಲ್ಲದಿದ್ದರೆ ಅಚ್ಚಿನವರಿಗೆ ಪುಟ ಜೋಡಿಸುವುದು ಹೇಗೆ? ಇದಕ್ಕೆ ‘ಕಕುಶಿ ನೊಂಬುರು’ ಇದೆ, ಅಡಗಿಸಿದ ಸಂಖ್ಯೆ. ಬೆನ್ನಿನ ಒಳಮಡಿಕೆಯ ಹತ್ತಿರ ಸಣ್ಣದಾಗಿ ಬರೆಯುತ್ತಾರೆ, ಓದುವಾಗ ಕಾಣುವುದಿಲ್ಲ. ಸರಿಮಾಡಿ ಆ ರಾತ್ರಿಯೇ ಕಳಿಸಿದೆ. ಕೊನೆಯ ಪುಟಕ್ಕೆ ‘ಒಕುಝುಕೆ’. ಪುಸ್ತಕದ ಹೆಸರು, ತಾರೀಖು, ಸಾಕುರು, ಸಂಪರ್ಕ, ಪ್ರೆಸ್ಸಿನ ಹೆಸರು ಎಲ್ಲ ಇರಬೇಕು. ಈ ಪುಸ್ತಕಕ್ಕೆ ನಾನು ಹೊಣೆ ಅಂತ ಹೇಳುವ ಜಾಗ ಅದು. ಅದನ್ನು ಬರೆಯುವಾಗ ನನ್ನ ಎದೆ ಉಬ್ಬಿತ್ತು.

ಪುಸ್ತಕದ ಪೆಟ್ಟಿಗೆ ಹೊತ್ತುಕೊಂಡು ಹೋಗಬೇಕಾಗಲಿಲ್ಲ. ಪ್ರೆಸ್ಸಿನವರೇ ಸಭಾಂಗಣಕ್ಕೆ ತಂದು ನನ್ನ ಮೇಜಿನ ಬಳಿ ಇಟ್ಟಿದ್ದರು. ‘ಚೊಕುಸೆತ್ಸು ಹನ್ನ್ಯೂ’, ನೇರ ಸಾಗಣೆ. ನನ್ನ ಜಾಗ, ಅಂದ್ರೆ ‘ಸುಪೇಸು’, ಉದ್ದ ಮೇಜಿನ ಅರ್ಧ, ಸುಮಾರು 90 ಸೆಂ.ಮೀ. ಮೇಜುಗಳ ಸಾಲು ‘ಶಿಮ’, ದ್ವೀಪ. ತುಂಬಾ ಬೇಡಿಕೆ ಇರುವವರನ್ನು ಗೋಡೆಗೆ ಒರಗಿದಂತೆ ಕೂರಿಸುತ್ತಾರೆ, ಅವರು ‘ಕಬೆ’. ಅವರ ಮುಂದಿನ ಸಾಲು ಹೊರಗೆ ಹೋಗಲು ಅನುಕೂಲ ಅಂತ. ಶಿಮದ ತುದಿಯ ಜಾಗಕ್ಕೆ ‘ಒತಂಜೋಬಿ ಸೆಕಿ’, ಹುಟ್ಟುಹಬ್ಬದ ಕುರ್ಚಿ. ಹುಟ್ಟುಹಬ್ಬದ ಮಗು ಮೇಜಿನ ತುದಿಯಲ್ಲಿ ಕೂರುತ್ತದಲ್ಲ, ಹಾಗೆ. ನಾನು ಶಿಮದ ನಟ್ಟನಡುವೆ ಇದ್ದೆ.

ಬಟ್ಟೆ ಹಾಸಿ, ಬೆಲೆಪಟ್ಟಿ ಒರಗಿಸಿ, 100 ಯೆನ್ ನಾಣ್ಯಗಳ ಡಬ್ಬಿ ಇಟ್ಟೆ. ಅಕ್ಕಪಕ್ಕದವರಿಗೆ ನಮಸ್ಕಾರ ಹೇಳಿ ‘ಸಶಿಇರೆ’ ಕೊಟ್ಟೆ. ಸಶಿಇರೆ ಅಂದ್ರೆ ಪ್ರೀತಿಗೆ ಕೊಡುವ ತಿಂಡಿ. ನಾನು ಒಯ್ದಿದ್ದು ಕಡಲೆ ಚಿಕ್ಕಿ, ಒಂದೊಂದನ್ನೂ ಬೇರೆ ಬೇರೆ ಸುತ್ತಿದ್ದು. ಆಯೋಜಕರಿಗೆ ಒಂದು ‘ಮಿಹೊನ್‌ಶಿ’, ಮಾದರಿ ಪ್ರತಿ. ಚಪ್ಪಾಳೆಯಾಯಿತು. ಈ ಸಲ ನಾನು ಮೇಜಿನ ಈಚೆ ಇದ್ದೆ.

ಮೊದಲ ಒಂದು ಗಂಟೆ ಯಾರೂ ನಿಲ್ಲಲಿಲ್ಲ. ಆಮೇಲೆ ಒಬ್ಬ ಹುಡುಗ ನಿಂತು ಇಡೀ ಪುಸ್ತಕ ಅಲ್ಲೇ ಓದಿದ. ‘ಹಪ್ಪಳ ಅಂದ್ರೆ ಸೆಂಬೆ ತರವಾ?’ ಅಂತ, ಜಪಾನಿನ ಅಕ್ಕಿ ಬಿಲ್ಲೆಯನ್ನು ನೆನೆದು ಕೇಳಿ, ಒಂದು ಪ್ರತಿ ತೆಗೆದುಕೊಂಡ. ಮಧ್ಯಾಹ್ನ ಇನ್ನೊಬ್ಬರು ತಮ್ಮ ಪುಸ್ತಕ ಚಾಚಿ ‘ಸುಕೆಬು’ ಕೇಳಿದರು. ಅವರ ಖಾಲಿ ಹಾಳೆಯಲ್ಲಿ ನಾನು ಚಿತ್ರ ಬರೆದುಕೊಡಬೇಕು. ಮಂಗನನ್ನು ಬರೆದೆ. ಕೈ ನಡುಗುತ್ತಿತ್ತು. 50 ಪ್ರತಿಯಲ್ಲಿ 31 ಹೋದವು. ‘ಶಿಂಕನ್’, ಹೊಸ ಪುಸ್ತಕ, ಅಂತ ತಂದದ್ದು ಮುಂದಿನ ಸಲಕ್ಕೆ ‘ಕಿಕನ್’ ಆಗುತ್ತದೆ, ಹಿಂದೆ ಬಂದದ್ದು. ಮಿಕ್ಕ ಪ್ರತಿ ವಾಪಸ್ ತರುವುದಕ್ಕೆ ಬೇಸರ ಆಗಲಿಲ್ಲ.

ಒಂದು ಪ್ರತಿಯನ್ನು ಊರಿಗೆ ಕಳಿಸಿದೆ. ಅಜ್ಜಿ ಫೋನ್ ಮಾಡಿ, ‘ಅಲ್ಲಾ ಪುಟ್ಟಿ, ಮೊದಲನೇ ಪುಟದಲ್ಲೇ ಚಾಪೆ ಖಾಲಿ ಇದ್ಯಲ್ಲೇ?’ ಅಂದಳು. ಎಡದಿಂದ ತೆಗೆದಿದ್ದಳು, ಕಥೆಯ ಕೊನೆಯೇ ಮೊದಲು ಕಂಡಿತ್ತು. ಅವಳಿಗಾಗಿ ಈಗ ಕನ್ನಡದ ಪ್ರತಿ ಮಾಡುತ್ತಿದ್ದೇನೆ. ‘ಕೊಪಿ ಬೊನ್’ ಸಾಕು, ಜೆರಾಕ್ಸ್ ಮಾಡಿ ನಡುವೆ ಪಿನ್ ಹೊಡೆದ ಪುಸ್ತಕ. ಕಂಪ್ಯೂಟರಿನಲ್ಲಿ ಪುಟಗಳನ್ನು ಕನ್ನಡಿಯ ಹಾಗೆ ತಿರುಗಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ತಿರುಗಿಸಿ ನೋಡಿದರೆ ಅಜ್ಜಿ ಎಡಗೈಯಲ್ಲಿ ಹಪ್ಪಳ ಬಡಿಸುತ್ತಿದ್ದಾಳೆ. ಅದಕ್ಕೆ ಅಷ್ಟೂ ಪುಟ ಮತ್ತೆ ಬರೆಯುತ್ತಿದ್ದೇನೆ. ಒಂಬತ್ತು ಮುಗಿದಿವೆ.