ಎಂಟೊಂಬತ್ತು ಗುಂಟೆಯಲ್ಲಿ 40 ಭತ್ತದ ತಳಿ: ಬೆರಕೆ ಎಲ್ಲಿಂದ ಬರುತ್ತದೆ

ನಾಟಿ ಭತ್ತ ಉಳಿಸಲು ಹೊರಟವರು ಮೊದಲು ಹೆದರುವುದು ಪರಾಗಕ್ಕೆ. ಭತ್ತ ಸ್ವಪರಾಗದ ಬೆಳೆ, ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಪಕ್ಕದ ತಳಿಯೊಂದಿಗೆ ಕೂಡುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ನನ್ನ ಗದ್ದೆಗೆ ಬೆರಕೆ, ಅಂದರೆ ಬೇರೆ ತಳಿಯ ಕಾಳು, ನುಗ್ಗಿದ್ದು ಹೆಚ್ಚಾಗಿ ಸಸಿಮಡಿ, ಕಣ, ಚೀಲಗಳಿಂದ, ಮತ್ತೆ ಹೋದ ವರ್ಷ ಉದುರಿದ ಕಾಳಿನಿಂದ.

ಉದುರಿದ ಕಾಳಿಗೆ ಮದ್ದು ಮೊದಲ ಮಳೆಯಲ್ಲೇ ಇದೆ. ಗದ್ದೆ ಹದವಾದಾಗ ಒಮ್ಮೆ ಉತ್ತು 10–12 ದಿನ ಬಿಡುತ್ತೇನೆ. ಹಳೆಯ ಕಾಳು ಮೊಳೆತ ಮೇಲೆ ಕೆಸರು ಹೊಡೆದು ಹೂಳುತ್ತೇನೆ. ನಾಟಿ ಸಾಲಿನಲ್ಲೇ ಆಗಬೇಕು. ಆಮೇಲೆ ಸಾಲಿನ ನಡುವೆ ಎದ್ದ ಭತ್ತ ಯಾವುದೇ ಇರಲಿ, ಕೀಳುವುದೇ.

ಸಸಿಮಡಿಯಲ್ಲಿ ನೀರು ನಿಲ್ಲಿಸುವುದಿಲ್ಲ. ಬಿತ್ತಿದ ರಾತ್ರಿ ಜೋರು ಮಳೆ ಬಂದರೆ ಮೊಳಕೆ ತೇಲಿ ಪಕ್ಕದ ಮಡಿ ಸೇರುತ್ತದೆ. ಎತ್ತರದ ಒಣಮಡಿ, ನಡುವೆ ಒಂದೂವರೆ ಅಡಿ ಕಾಲುವೆ, ಮೇಲೆ ತೆಳ್ಳಗೆ ಹುಲ್ಲು. ತಳಿಗೆ 50 ಗ್ರಾಂ ಬೀಜ ಧಾರಾಳವಾಯಿತು.

ಪ್ರತಿ ತಳಿಗೆ 12 ಅಡಿ ಚೌಕದ ತಾಕು, ಸುತ್ತ 3 ಅಡಿ ಖಾಲಿ. 10 ಇಂಚಿಗೊಂದು ಗುಣಿ, ಗುಣಿಗೆ ಒಂದೇ ಸಸಿ. ಒಟ್ಟು ಸುಮಾರು 200 ಬುಡ. ಎರಡು ಮೂರು ಸಸಿ ಒಟ್ಟಿಗೆ ನೆಟ್ಟರೆ ಬೆರಕೆ ಗಿಡ ತೆಂಡೆಗಳ (ಬುಡದಿಂದ ಒಡೆಯುವ ಕವಲುಗಳ) ನಡುವೆ ಅಡಗುತ್ತದೆ, ಕೀಳುವಾಗ ಒಳ್ಳೆಯದೂ ಹೋಗುತ್ತದೆ. ಮೀಸೆ ಭತ್ತದ ಪಕ್ಕ ಬೋಳು ಭತ್ತ, ಕರಿ ಸಿಪ್ಪೆಯ ಪಕ್ಕ ಹೊಂಬಣ್ಣದ್ದು, ಹೀಗೆ ಜೋಡಿಸಿದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಬೀಜೋತ್ಪಾದನೆಯಲ್ಲಿ ಭತ್ತಕ್ಕೆ 3 ಮೀಟರ್ ಅಂತರ ಹೇಳುತ್ತಾರೆ. ನನ್ನಲ್ಲಿ ಅಷ್ಟು ಜಾಗವಿಲ್ಲ, ಅದಕ್ಕೆ ಹೊರಗಿನ ಎರಡೆರಡು ಸಾಲು ಊಟಕ್ಕೆ, ಒಳಗಿನ ನೂರು ಬುಡ ಬೀಜಕ್ಕೆ. ಬಿತ್ತನೆ ಹಿಂದೆ ಮುಂದೆ ಮಾಡಿ ಹೂವಿನ ಕಾಲ ತಪ್ಪಿಸಬಹುದೆಂದು ನೆಚ್ಚಬೇಡಿ: ಮಳೆಗಾಲದ ದೀರ್ಘಾವಧಿ ತಳಿಗಳಲ್ಲಿ ಹಲವು ಹಗಲು ಕಿರಿದಾಗುವುದನ್ನು ಕಾದು ಒಟ್ಟಿಗೇ ತೆನೆ ಬಿಡುತ್ತವೆ.

ಬೆರಕೆ ಕೀಳಲು ನಾಲ್ಕು ಸಲ ಗದ್ದೆಗಿಳಿಯಬೇಕು: ಸಸಿಯಲ್ಲಿ ಬುಡದ ಬಣ್ಣ ನೋಡಿ, ತೆಂಡೆ ಒಡೆದಾಗ, ಹೂವಿನಲ್ಲಿ, ಕೊಯ್ಲಿಗೆ ಮುಂಚೆ. ಹೂವಿನ ಸುತ್ತು ತಪ್ಪಿಸುವಂತೆಯೇ ಇಲ್ಲ. ಬೆಳಿಗ್ಗೆ 9ರೊಳಗೆ, ಹೂ ಬಾಯಿ ಬಿಡುವ ಮೊದಲೇ ಹೋಗಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಅಕ್ಕಿಯ ಹೊರಪದರ ತಾಯಿ ಗಿಡದ್ದು. ಬಿಳಿ ಅಕ್ಕಿಯ ರತ್ನಚೂಡಿಗೆ ಕೆಂಪಕ್ಕಿಯ ಪರಾಗ ಬಿದ್ದರೂ ಆ ಕಾಳು ಬಿಳಿಯಾಗಿಯೇ ಇರುತ್ತದೆ. ಮರುವರ್ಷ ಅದರಿಂದ ಎದ್ದ ಗಿಡದ ಕಾಳೆಲ್ಲ ಕೆಂಪು. ಹಾಗಾಗಿ ಕೊಯ್ಲಿನ ಹೊತ್ತಿಗೆ ಪ್ರತಿ ಬುಡದಿಂದ ಒಂದು ಕಾಳು ಸುಲಿದು ನೋಡುತ್ತೇನೆ. ಇಂಥ ಅಡ್ಡ ಗಿಡ ಎಷ್ಟೋ ಸಲ ಎಲ್ಲಕ್ಕಿಂತ ಎತ್ತರವಾಗಿ, ಹುಲುಸಾಗಿ ನಿಲ್ಲುತ್ತದೆ. ಚೆನ್ನಾಗಿದೆಯೆಂದು ಅದನ್ನೇ ಬೀಜಕ್ಕಿಟ್ಟರೆ ತಳಿ ಕೆಟ್ಟಿತು.

ಹಾಗೆಂದು ಅತಿಯಾಗಿ ಕೀಳುವುದೂ ತಪ್ಪೇ. ಹಳೆಯ ತಳಿ ಅಚ್ಚೊತ್ತಿದಂತೆ ಇರುವುದಿಲ್ಲ. ಹೂವಿನಲ್ಲಿ ಮೂರು ದಿನ, ಎತ್ತರದಲ್ಲಿ ನಾಲ್ಕು ಬೆರಳು ಹೆಚ್ಚುಕಡಿಮೆ ಸಹಜ. ನೆರೆ ತಡೆಯುವ ನೆರೆಗುಳಿಯಲ್ಲಾಗಲಿ, ಅಘನಾಶಿನಿಯ ಉಪ್ಪುನೀರಿಗೆ ಜಗ್ಗದ ಕಗ್ಗದಲ್ಲಾಗಲಿ ಈ ಒಳಗಿನ ವೈವಿಧ್ಯ ಕಳೆಯಬಾರದು. ಅದಕ್ಕೇ ಹತ್ತು ದಪ್ಪ ತೆನೆ ಆರಿಸುವುದಿಲ್ಲ. ನೂರು ಬುಡದಿಂದಲೂ ಒಂದೊಂದು ತೆನೆ. ಕಾಲು ಕಿಲೋ ಸಿಗುತ್ತದೆ.

ಒಕ್ಕುವುದು ಕೈಯಲ್ಲೇ, ಬಿಳಿ ಬಟ್ಟೆಯ ಮೇಲೆ. ಯಂತ್ರದ ಸಂದಿಯಲ್ಲಿ ಕೂತ ಕಾಳು ಪೂರ್ತಿ ಹೊರಡುವುದೇ ಇಲ್ಲ. ಚೀಲವನ್ನು ಒಳಗು ಹೊರಗು ಮಾಡಿ ಹೊಲಿಗೆ ಕೊಡವಿ, ಹೆಸರಿನ ಚೀಟಿ ಒಳಗೊಂದು ಹೊರಗೊಂದು ಇಡುತ್ತೇನೆ. ಬರೆಯುವುದು ಪೆನ್ಸಿಲ್ಲಿನಲ್ಲಿ, ಶಾಯಿ ತೇವಕ್ಕೆ ಕದಡುತ್ತದೆ.

ಬೀಜ ಒಣಗಿಸಲು ಚಾಪೆಯೇ ಸರಿ, ಕಾದ ಸಿಮೆಂಟಿನ ಮೇಲೆ ಬೇಡ, ಬಿಸಿಲೂ ಎಳೆಯದಾಗಿರಲಿ. ಒಣ ಗಾಜಿನ ಬಾಟಲಿಯಲ್ಲಿ ಒಣ ಉಪ್ಪಿನೊಂದಿಗೆ ಹಿಡಿ ಬೀಜ ಕುಲುಕಿ 15 ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಇನ್ನೂ ಶೇ 15ಕ್ಕಿಂತ ಮೇಲಿದೆ. ಡಬ್ಬಿಗೆ ತುಂಬಲು ಅದು ಶೇ 12ರ ಆಸುಪಾಸಿಗೆ ಇಳಿಯಬೇಕು. ಮೊಳಕೆ ಪರೀಕ್ಷೆಗೆ ಎರಡು ತಿಂಗಳು ತಡೆಯಿರಿ, ಹೊಸ ಭತ್ತಕ್ಕೆ ಸುಪ್ತಾವಸ್ಥೆ ಇರುತ್ತದೆ, ಜೀವವಿದ್ದರೂ ಕೆಲಕಾಲ ಮೊಳೆಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ 100 ಕಾಳಿಗೆ 80 ಮೊಳೆಯದಿದ್ದರೆ ಆ ತಳಿಯನ್ನು ಮುಂದಿನ ಮಳೆಗಾಲದಲ್ಲಿ ಬಿತ್ತಿ ಹೊಸ ಬೀಜ ಮಾಡುವುದು ಕಡ್ಡಾಯ.

ಅರ್ಧ ಬೀಜ ಬಿತ್ತದೆ ಇಟ್ಟು, ಉಳಿದದ್ದರಲ್ಲಿ ಒಂದೊಂದು ಹಿಡಿ ಬೇರೆ ಹಳ್ಳದ ನೀರುಣ್ಣುವ ಎರಡು ಊರಿನವರಿಗೆ ಕೊಡುತ್ತೇನೆ. ಒಂದೇ ನೆರೆ ಮೂರೂ ಗದ್ದೆ ಹೊಕ್ಕುವುದಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ಹೀಗೆ ಬೀಜ ಇಟ್ಟುಕೊಳ್ಳುವುದು, ಹಂಚುವುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರುವುದು ರೈತರ ಹಕ್ಕು.